ಸೂತ್ರವೂ ಅದರ ಷರತ್ತೂ

ತೊಲೆಯ ಮೇಲೆ ಭಾರ ಬಿದ್ದಾಗ ಅದು ಬಾಗುವುದು ಕಣ್ಣಿಗೆ ಕಾಣುತ್ತದೆ. ಆದರೆ ಆ ಭಾರವನ್ನು ತೊಲೆಯ ಒಳಗಿನ ಒಂದೊಂದು ಪದರವೂ ಹೇಗೆ ಹಂಚಿಕೊಂಡಿತು ಎಂಬುದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಲ್ಲು, ಮರ, ಉಕ್ಕು, ಕಾಂಕ್ರೀಟಿನಂಥ ಘನವಸ್ತುಗಳು ಹೊರಗಿನ ಬಲವನ್ನು ಒಳಗೆ ಹೇಗೆ ತಾಳಿಕೊಳ್ಳುತ್ತವೆ, ಎಷ್ಟು ಆಕಾರಗೆಡುತ್ತವೆ, ಯಾವ ಹಂತದಲ್ಲಿ ಮುರಿಯುತ್ತವೆ ಎಂಬುದನ್ನು ವಿಚಾರಿಸುವ ಶಾಸ್ತ್ರವೇ ಸಾಲಿಡ್ ಮೆಕ್ಯಾನಿಕ್ಸ್, ಅಂದರೆ ಘನವಸ್ತುಗಳ ಬಲವಿಜ್ಞಾನ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಲವು ತಲೆಮಾರಿನ ವಿದ್ಯಾರ್ಥಿಗಳು ಇದರ ಮೊದಲ ಮೆಟ್ಟಿಲನ್ನು ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಎಂಬ ವಿಷಯವಾಗಿ ಓದಿದ್ದಾರೆ, ಬಾಯ್ಮಾತಿನಲ್ಲಿ ಅದನ್ನು ಎಸ್‌ಒಎಂ ಎಂದೇ ಕರೆದಿದ್ದಾರೆ. ಕಾಣದಿರುವುದನ್ನು ಲೆಕ್ಕಕ್ಕೆ ತರುವ ಈ ಶಾಸ್ತ್ರದಲ್ಲಿ ಪ್ರತಿಯೊಂದು ಸೂತ್ರವೂ ಕೆಲವು ಊಹೆಗಳನ್ನು ಒಪ್ಪಿಕೊಂಡ ಮೇಲೆಯೇ ಹುಟ್ಟುತ್ತದೆ. ಸೂತ್ರವು ಒಂದೇ ಸಾಲಿನಲ್ಲಿ ಹಿಡಿಯುವುದರಿಂದ ಕೈಯಿಂದ ಕೈಗೆ, ಪುಸ್ತಕದಿಂದ ಪುಸ್ತಕಕ್ಕೆ ಸುಲಭವಾಗಿ ದಾಟುತ್ತದೆ. ಆ ಸೂತ್ರ ಎಲ್ಲಿಯವರೆಗೆ ನಿಜ ಎಂಬ ಷರತ್ತು ಮಾತ್ರ ಯಾರಾದರೂ ಕಾಳಜಿಯಿಂದ ಹೇಳಿಕೊಡದೆ ದಾಟುವುದಿಲ್ಲ. ಈ ಶಾಸ್ತ್ರದ ಬೋಧನೆಯೆಂದರೆ ಮುಖ್ಯವಾಗಿ ಷರತ್ತುಗಳ ಬೋಧನೆ ಎಂಬ ತಿಳಿವಳಿಕೆ, ಈ ಲೇಖಕನಿಗೆ ಪಾಠ ಹೇಳುತ್ತ ಕಳೆದ ವರ್ಷಗಳು ಕೊಟ್ಟ ಮುಖ್ಯ ಫಲ.

ಆ ವರ್ಷಗಳ ತರಗತಿಗಳು ಹೇಗಿದ್ದವು ಎಂಬುದನ್ನು ನೆನೆದರೆ ಮೊದಲು ಎದುರಾಗುವುದು ಕಲ್ಪನೆಯ ಕೊಯ್ತದ ಪಾಠ. ತೊಲೆಯನ್ನಾಗಲಿ ಸರಳನ್ನಾಗಲಿ ಮನಸ್ಸಿನಲ್ಲೇ ಒಂದು ಕಡೆ ಅಡ್ಡಲಾಗಿ ಕೊಯ್ದು, ಒಂದು ಭಾಗವನ್ನು ತೆಗೆದಿಟ್ಟು, ಉಳಿದ ಭಾಗವು ಬೀಳದೆ ನಿಲ್ಲಬೇಕಾದರೆ ಕೊಯ್ದ ಮುಖದ ಮೇಲೆ ಯಾವ ಬಲಗಳಿರಬೇಕು ಎಂದು ಕೇಳುವುದರಿಂದ ಇಡೀ ವಿಷಯ ಆರಂಭವಾಗುತ್ತದೆ. ಆ ಬಲವನ್ನು ಅದು ಹರಡಿರುವ ವಿಸ್ತೀರ್ಣದಿಂದ ಭಾಗಿಸಿದಾಗ ಸಿಗುವುದೇ ಸ್ಟ್ರೆಸ್; ಕನ್ನಡದ ಭೌತಶಾಸ್ತ್ರ ಪಠ್ಯಗಳಲ್ಲಿ ಇದಕ್ಕೆ ಪೀಡನ ಎಂಬ ಹೆಸರಿದೆ. ವಸ್ತುವಿನ ಮೂಲ ಉದ್ದಕ್ಕೆ ಹೋಲಿಸಿದರೆ ಅದು ಎಷ್ಟು ಹಿಗ್ಗಿತು ಅಥವಾ ಕುಗ್ಗಿತು ಎಂಬ ಪ್ರಮಾಣ ಸ್ಟ್ರೇನ್. ಭಾರ ತೆಗೆದ ಕೂಡಲೇ ಮೊದಲಿನ ಆಕಾರಕ್ಕೆ ಮರಳುವ ಗುಣವಾದ ಸ್ಥಿತಿಸ್ಥಾಪಕತ್ವದ ಎಲ್ಲೆಯೊಳಗೆ ಇವೆರಡೂ ಒಂದಕ್ಕೊಂದು ಅನುಪಾತದಲ್ಲಿರುತ್ತವೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರೆ, ಒಂದೇ ಬಿಂದುವಿನಲ್ಲಿ ಕೊಯ್ತದ ದಿಕ್ಕು ಬದಲಾದಂತೆ ಪೀಡನವೂ ಬದಲಾಗುತ್ತದೆ ಎಂಬ ಸೂಕ್ಷ್ಮವನ್ನು ಅಗಸ್ಟಿನ್ ಕೋಶಿ 1822ರ ಹೊತ್ತಿಗೆ ಗಣಿತದ ಚೌಕಟ್ಟಿಗೆ ತಂದರು. ಹುಕ್‌ನ ನಿಯಮವನ್ನು ಪಿಯುಸಿಯಲ್ಲೇ ಓದಿ ಬಂದ ವಿದ್ಯಾರ್ಥಿಗಳಿಗೂ ಕೋಶಿಯ ಮಾತು ಸುಲಭವಾಗಿ ಒಗ್ಗುತ್ತಿರಲಿಲ್ಲ, ಏಕೆಂದರೆ ಬಲಕ್ಕೆ ಒಂದೇ ದಿಕ್ಕು ಎಂದು ಕಲಿತ ಮನಸ್ಸು, ಒಂದು ಬಿಂದುವಿನ ಸ್ಥಿತಿಯನ್ನು ಹೇಳಲು ಹಲವು ದಿಕ್ಕುಗಳ ಮಾಹಿತಿ ಒಟ್ಟಿಗೆ ಬೇಕು ಎಂಬುದನ್ನು ಒಪ್ಪಲು ಸಮಯ ಬೇಡುತ್ತದೆ.

ಈ ಕಷ್ಟವನ್ನು ದಾಟಿಸಲು ಕಪ್ಪುಹಲಗೆಯ ಬುಡದಲ್ಲೇ ಸಿಗುವ ಸೀಮೆಸುಣ್ಣದ ಕಡ್ಡಿ ನೆರವಾಗುತ್ತಿತ್ತು, ಮತ್ತು ಇದನ್ನು ಲೋಕದ ಅನೇಕ ಅಧ್ಯಾಪಕರು ಹೀಗೆಯೇ ಬಳಸಿಕೊಂಡಿದ್ದಾರೆ. ಕಡ್ಡಿಯ ಎರಡು ತುದಿಗಳನ್ನು ಹಿಡಿದು ಬಾಗಿಸಿದರೆ ಅದು ನೇರವಾಗಿ ಅಡ್ಡಕ್ಕೆ ಮುರಿಯುತ್ತದೆ; ಅದೇ ಕಡ್ಡಿಯನ್ನು ತಿರುಚಿದರೆ ಅಕ್ಷಕ್ಕೆ ಸುಮಾರು 45 ಡಿಗ್ರಿ ಓರೆಯಾದ ಸುರುಳಿ ಮುಖದಲ್ಲಿ ಮುರಿಯುತ್ತದೆ. ತಿರುಚುವಾಗ ಎಳೆತವು ಅತಿ ಹೆಚ್ಚಾಗುವುದು ಆ ಓರೆಯ ಮುಖದಲ್ಲಿ, ಸೀಮೆಸುಣ್ಣದಂಥ ಬಿರುಸು ವಸ್ತು ಸೋಲುವುದು ಎಳೆತಕ್ಕೆ, ಆದ್ದರಿಂದ ಮುರಿತವು ಆ ಮುಖವನ್ನೇ ಹುಡುಕಿಕೊಂಡು ಹೋಗುತ್ತದೆ. ಮೃದು ಉಕ್ಕಿನ ಸರಳನ್ನು ಪ್ರಯೋಗಶಾಲೆಯ ತಿರುಚುವ ಯಂತ್ರದಲ್ಲಿಟ್ಟು ಮುರಿದರೆ ಅದು ಸುರುಳಿಯಾಗಿ ಮುರಿಯದೆ ಕತ್ತರಿಸಿದಂತೆ ಅಡ್ಡಕ್ಕೇ ಮುರಿಯುತ್ತದೆ, ಏಕೆಂದರೆ ಪದರದ ಮೇಲೆ ಪದರ ಜಾರಿಸುವ ಶಿಯರ್ ಬಲಕ್ಕೆ ಅದು ಮೊದಲು ಸೋಲುತ್ತದೆ. ಎರಡು ಮುರಿದ ತುಂಡುಗಳನ್ನು ಅಕ್ಕಪಕ್ಕ ಇಟ್ಟಾಗ, ಪೀಡನದ ಲೆಕ್ಕ ಎರಡಕ್ಕೂ ಒಂದೇ ಆದರೂ ವಸ್ತುವಿನ ಸ್ವಭಾವ ಬೇರೆಯಾದ್ದರಿಂದ ಫಲ ಬೇರೆಯಾಯಿತು ಎಂಬುದು ವಿದ್ಯಾರ್ಥಿಗೆ ತಾನಾಗಿ ಹೊಳೆಯುತ್ತದೆ. ಈ ಲೇಖಕನ ನೆನಪಿನಲ್ಲಿ ತರಗತಿಯ ಹಿಂದಿನ ಬೆಂಚುಗಳಿಂದ ಮೊದಲ ಪ್ರಶ್ನೆಗಳು ಎದ್ದುಬರುತ್ತಿದ್ದುದು ಇಂಥ ಗಳಿಗೆಗಳಲ್ಲಿ, ಮತ್ತು ಆ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಹಾಗಾದರೆ ಮರವನ್ನು ತಿರುಚಿದರೆ ಏನಾಗುತ್ತದೆ’ ಎಂಬಂತೆ ಸೂತ್ರದ ಆಚೆಗೆ ಕೈಚಾಚುವ ಪ್ರಶ್ನೆಗಳೇ ಆಗಿರುತ್ತಿದ್ದವು.

ಪರೀಕ್ಷೆಯ ಒತ್ತಾಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿತ್ತು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದರೆ ಸಾಕು ಎಂಬ ನಂಬಿಕೆ ಬಲವಾಗಿದ್ದ ಕಾರಣ, ಸೂತ್ರವನ್ನು ನೆನಪಿಟ್ಟು, ಕೊಟ್ಟ ಅಂಕಿಗಳನ್ನು ಅದರೊಳಗೆ ತುಂಬಿ, ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಕ್ರಮ ವಿದ್ಯಾರ್ಥಿಗಳಿಗೆ ರೂಢಿಯಾಗಿತ್ತು. ಈ ಕ್ರಮದ ಅಪಾಯವನ್ನು ತೋರಿಸಲು ಕಂಬದ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ತೆಳ್ಳಗಿನ ಉದ್ದ ಕಂಬವನ್ನು ಮೇಲಿನಿಂದ ಒತ್ತಿದಾಗ ಅದು ಜಜ್ಜಿಹೋಗುವ ಮೊದಲೇ ಪಕ್ಕಕ್ಕೆ ಬಾಗಿ ಸೋಲುತ್ತದೆ, ಇದನ್ನು ಬಕ್ಲಿಂಗ್ ಎನ್ನುತ್ತಾರೆ. ಇದಕ್ಕೆ ಸಾಕಾಗುವ ಭಾರವನ್ನು ಕೊಡುವ ಸೂತ್ರವನ್ನು ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಪ್ರಕಟಿಸಿದರು. ಕಂಬದ ಉದ್ದಕ್ಕೂ ಅದರ ಅಡ್ಡಕೊಯ್ತದ ಹರಹಿಗೂ ಇರುವ ಅನುಪಾತವನ್ನು ತೆಳುತನದ ಅನುಪಾತ ಎಂದು ಕರೆದರೆ, 250 ಮೆಗಾಪಾಸ್ಕಲ್ ಪೀಡನಕ್ಕೆ ಮಣಿಯುವ ಸಾಧಾರಣ ಮೃದು ಉಕ್ಕಿನಲ್ಲಿ ಆಯ್ಲರ್ ಸೂತ್ರ ಸಲ್ಲುವುದು ಆ ಅನುಪಾತ ಸುಮಾರು 90ನ್ನು ಮೀರಿದಾಗ ಮಾತ್ರ. ಅನುಪಾತ 40 ಇರುವ ಗಿಡ್ಡ ಕಂಬಕ್ಕೆ ಅದೇ ಸೂತ್ರವನ್ನು ಹಚ್ಚಿದರೆ ಸುಮಾರು 1,230 ಮೆಗಾಪಾಸ್ಕಲ್ ಎಂಬ ಉತ್ತರ ಬರುತ್ತದೆ, ಅಂದರೆ ಆ ಉಕ್ಕು ಮಣಿದು ಕೂರುವ ಪೀಡನದ ಸುಮಾರು ಐದು ಪಟ್ಟು. ಲೆಕ್ಕದಲ್ಲಿ ಗುಣಾಕಾರದ ತಪ್ಪಿಲ್ಲ, ಸೂತ್ರವೂ ತಪ್ಪಲ್ಲ. ಸೂತ್ರವನ್ನು ಅದಕ್ಕೆ ಸೇರದ ಕಂಬಕ್ಕೆ ಹಚ್ಚಿದ್ದೇ ತಪ್ಪು. ಅಂಕಿ ತುಂಬುವುದಕ್ಕೆ ಮೊದಲು ಈ ಕಂಬವು ಆಯ್ಲರ್ ಹೇಳಿದ ಕಂಬವೇ ಎಂದು ಕೇಳುವ ಅಭ್ಯಾಸವನ್ನು ಬೆಳೆಸಲು ಒಂದು ಇಡೀ ಅವಧಿಯ ಪಾಠ ಖರ್ಚಾದರೂ ಅದು ನಷ್ಟವಲ್ಲ ಎಂಬುದನ್ನು ಅನುಭವವೇ ದೃಢಪಡಿಸಿತು.

ಜ್ಞಾನವು ಕಂಡುಹಿಡಿದ ಕೂಡಲೇ ಹರಡುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದಕ್ಕೆ ಬಾಗುವ ತೊಲೆಯ ಇತಿಹಾಸವೇ ಸಾಕ್ಷಿ, ಮತ್ತು ಆ ಇತಿಹಾಸವನ್ನು ಪಾಠದ ನಡುವೆ ಹೇಳಿದಾಗ ವಿದ್ಯಾರ್ಥಿಗಳು ಸೂತ್ರವನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಿದ್ದರು. ಗೆಲಿಲಿಯೊ ತನ್ನ ಕೊನೆಯ ವರ್ಷಗಳಲ್ಲಿ ಗೃಹಬಂಧನದಲ್ಲಿದ್ದಾಗ ಬರೆದು 1638ರಲ್ಲಿ ಹಾಲೆಂಡಿನ ಲೈಡನ್ ನಗರದಿಂದ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಎಂಬ ಗ್ರಂಥದಲ್ಲಿ, ಗೋಡೆಯಿಂದ ಹೊರಚಾಚಿದ ತೊಲೆಯ ತುದಿಗೆ ಭಾರ ತೂಗಿದರೆ ಅದು ಎಷ್ಟನ್ನು ತಾಳಬಲ್ಲದು ಎಂಬ ಪ್ರಶ್ನೆಯನ್ನು ಎತ್ತಿಕೊಂಡನು. ತೊಲೆ ಮುರಿಯುವಾಗ ಕೆಳ ಅಂಚನ್ನು ಆಧರಿಸಿ ತಿರುಗುತ್ತದೆ, ಅದರ ಇಡೀ ಅಡ್ಡಕೊಯ್ತದಲ್ಲಿ ಎಳೆತ ಸಮನಾಗಿ ಹರಡಿರುತ್ತದೆ ಎಂದು ಆತ ಊಹಿಸಿದನು. ತೊಲೆಯ ಶಕ್ತಿ ಅದರ ಅಗಲಕ್ಕೂ ಎತ್ತರದ ವರ್ಗಕ್ಕೂ ಅನುಗುಣವಾಗಿರುತ್ತದೆ, ಆದ್ದರಿಂದ ಹಲಗೆಯನ್ನು ಮಲಗಿಸಿ ಇಡುವುದಕ್ಕಿಂತ ನಿಲ್ಲಿಸಿ ಇಟ್ಟರೆ ಹೆಚ್ಚು ಭಾರ ಹೊರುತ್ತದೆ ಎಂಬ ಆತನ ತೀರ್ಮಾನ ಸರಿಯಾಗಿತ್ತು. ಆದರೆ ವಾಸ್ತವದಲ್ಲಿ, ಸ್ಥಿತಿಸ್ಥಾಪಕತ್ವದ ಎಲ್ಲೆಯೊಳಗೆ, ಬಾಗಿದ ತೊಲೆಯ ಒಂದು ಬದಿ ಎಳೆತಕ್ಕೂ ಇನ್ನೊಂದು ಬದಿ ಒತ್ತಡಕ್ಕೂ ಒಳಗಾಗುತ್ತದೆ, ಇವೆರಡರ ನಡುವೆ ಎಳೆತವೂ ಒತ್ತಡವೂ ಇಲ್ಲದ ಒಂದು ಪದರ ಇರುತ್ತದೆ. ಕೊಯ್ತದ ಮೇಲೆ ಈ ಪದರ ಮೂಡಿಸುವ ಗೆರೆಗೆ ತಟಸ್ಥ ಅಕ್ಷ ಎಂದು ಹೆಸರು. ಇದನ್ನು ಲೆಕ್ಕಕ್ಕೆ ಹಿಡಿದರೆ ತೊಲೆಯ ಶಕ್ತಿ ಗೆಲಿಲಿಯೊ ಹೇಳಿದ್ದರ ಮೂರನೆಯ ಒಂದು ಪಾಲು ಮಾತ್ರ.

ಫ್ರಾನ್ಸಿನ ಮಾರಿಯೊಟ್ ಈ ಪ್ರಶ್ನೆಯನ್ನು ಮುಂದಕ್ಕೆ ಒಯ್ದರೂ ಲೆಕ್ಕ ಪೂರ್ತಿ ಸರಿಹೋಗಲಿಲ್ಲ. ಆಮೇಲೆ ಆಂತ್ವಾನ್ ಪಾರಾಂ ಎಂಬ ಗಣಿತಜ್ಞ, ಕೊಯ್ತದ ಮೇಲಿನ ಎಳೆತದ ಒಟ್ಟು ಬಲವೂ ಒತ್ತಡದ ಒಟ್ಟು ಬಲವೂ ಒಂದಕ್ಕೊಂದು ಸಮನಾಗಲೇಬೇಕು ಎಂಬ ಸಮತೋಲದ ನಿಯಮವನ್ನು ಹಿಡಿದು ತಟಸ್ಥ ಅಕ್ಷದ ಜಾಗವನ್ನು ಸರಿಯಾಗಿ ವಿವೇಚಿಸಿ 1713ರಲ್ಲಿ ಪ್ರಕಟಿಸಿದನು. ಆದರೆ ಆ ಬರಹ ವಿಜ್ಞಾನ ಅಕಾಡೆಮಿಯ ಸಂಪುಟಗಳಲ್ಲಿ ಬರದೆ ಆತನದೇ ಸಣ್ಣ ಆಕಾರದ, ಅಂದವಿಲ್ಲದ ಮುದ್ರಣದ ಪುಸ್ತಕಗಳಲ್ಲಿ ಬಂದದ್ದರಿಂದ ಎಂಜಿನಿಯರುಗಳ ಗಮನಕ್ಕೆ ಬೀಳಲಿಲ್ಲ, ಮತ್ತು ಹದಿನೆಂಟನೆಯ ಶತಮಾನದ ಹೆಚ್ಚಿನ ಕಾಲ ಹಳೆಯ ತಪ್ಪು ಸೂತ್ರಗಳೇ ಬಳಕೆಯಲ್ಲಿ ಉಳಿದವು. ಕೂಲಂಬ್ 1773ರಲ್ಲಿ ಅಕಾಡೆಮಿಯ ಮುಂದಿಟ್ಟ ಪ್ರಬಂಧದಲ್ಲಿ ಅದೇ ಸತ್ಯವನ್ನು ಮತ್ತೆ ನಿರೂಪಿಸಿದರೂ ಅದು ಕೂಡ ಕಟ್ಟಡ ಕಟ್ಟುವವರ ಕೈಗೆ ಬರಲು ದಶಕಗಳೇ ಹಿಡಿದವು. ಈ ವೃತ್ತಾಂತದಲ್ಲಿ ಅಧ್ಯಾಪಕನಾದವನು ಗಮನಿಸಬೇಕಾದದ್ದು ಒಂದಿದೆ: ಸತ್ಯ ಗೊತ್ತಿದ್ದೂ ಅದು ಹಂಚಿಕೆಯಾಗದೆ ಉಳಿದ ಅಷ್ಟೂ ಕಾಲ, ತೊಲೆಗಳನ್ನು ನಂಬಿ ಬದುಕಿದ ಜನರ ಮಟ್ಟಿಗೆ ಆ ಸತ್ಯ ಇನ್ನೂ ಹುಟ್ಟಿಯೇ ಇರಲಿಲ್ಲ.

ಬಾಗುವ ತೊಲೆಯ ಸಿದ್ಧಾಂತ ಕೊನೆಗೆ ನೆಲೆಯೂರಿದ್ದು ಒಂದು ತರಗತಿಯಿಂದ. ಪ್ಯಾರಿಸಿನ ಸೇತುವೆ ಮತ್ತು ರಸ್ತೆಗಳ ಎಂಜಿನಿಯರಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕ್ಲೋಡ್ ಲೂಯಿ ನಾವಿಯೆ ಅವರ ಆರಂಭದ ಟಿಪ್ಪಣಿಗಳಲ್ಲಿ ತಟಸ್ಥ ಅಕ್ಷದ ಜಾಗ ಸರಿಯಾಗಿರಲಿಲ್ಲ. ಪಾಠವನ್ನು ಮತ್ತೆ ಮತ್ತೆ ತಿದ್ದುತ್ತ ಹೋದ ಅವರು 1826ರಲ್ಲಿ ಪ್ರಕಟಿಸಿದ ಉಪನ್ಯಾಸ ಗ್ರಂಥದಲ್ಲಿ ಅದು ಕೊಯ್ತದ ಗುರುತ್ವಕೇಂದ್ರದ ಮೂಲಕ ಹಾದುಹೋಗುತ್ತದೆ ಎಂದು ಖಚಿತಪಡಿಸಿದರು. ಅವರ ವಿದ್ಯಾರ್ಥಿಗಳು ಆ ಪುಸ್ತಕವನ್ನು ಹಿಡಿದುಕೊಂಡೇ ಸೇತುವೆಗಳಿಗೂ ಕಾರ್ಖಾನೆಗಳಿಗೂ ಹೋದದ್ದರಿಂದ ಸಿದ್ಧಾಂತವು ವೃತ್ತಿಯ ಭಾಗವಾಯಿತು. ಇಂದಿಗೂ ಎಸ್‌ಒಎಂ ತರಗತಿಯಲ್ಲಿ ಬಾಗುವಿಕೆಯ ಸೂತ್ರವನ್ನು ಬರೆಯುವ ಮೊದಲು, ಬಾಗುವ ಮುನ್ನ ಸಮತಟ್ಟಾಗಿದ್ದ ಕೊಯ್ತ ಬಾಗಿದ ಮೇಲೂ ಸಮತಟ್ಟಾಗಿಯೇ ಇರುತ್ತದೆ, ವಸ್ತು ಹುಕ್‌ನ ನಿಯಮವನ್ನು ಪಾಲಿಸುತ್ತದೆ, ತೊಲೆ ಮೊದಲು ನೇರವಾಗಿತ್ತು ಎಂಬಂಥ ಊಹೆಗಳ ಪಟ್ಟಿಯನ್ನು ಬರೆಸುತ್ತಾರೆ. ವಿದ್ಯಾರ್ಥಿಗಳು ಅದನ್ನು ಐದು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡುತ್ತಾರೆ. ಆ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಯಾರೋ ಎಡವಿದ ಮತ್ತು ಯಾರೋ ತಿದ್ದಿದ ಕಥೆಯಿದೆ ಎಂಬುದು ತಿಳಿದರೆ ಅದೇ ಪಟ್ಟಿ ಇಡೀ ಪಾಠದ ತಿರುಳಾಗುತ್ತದೆ.

ನಾವಿಯೆ ತೀರಿಕೊಂಡ ಎಷ್ಟೋ ವರ್ಷಗಳ ನಂತರ ಅವರ ಶಿಷ್ಯಪರಂಪರೆಯ ಸಾಂ-ವೆನಾಂ ಆ ಉಪನ್ಯಾಸ ಗ್ರಂಥವನ್ನು 1864ರಲ್ಲಿ ಮತ್ತೆ ಸಂಪಾದಿಸಿದರು. ಅವರು ಸೇರಿಸಿದ ಟಿಪ್ಪಣಿಗಳು ಎಷ್ಟು ವಿಪುಲವಾಗಿದ್ದವೆಂದರೆ ಇಡೀ ಸಂಪುಟದಲ್ಲಿ ನಾವಿಯೆ ಅವರ ಮೂಲ ಬರಹ ಉಳಿದದ್ದು ಹತ್ತನೆಯ ಒಂದು ಪಾಲು ಮಾತ್ರ. ಆ ಟಿಪ್ಪಣಿಗಳಲ್ಲಿ ಬಹುಪಾಲು ಮಾಡಿದ್ದು ಷರತ್ತುಗಳನ್ನು ಬಿಡಿಸಿ ಹೇಳುವ ಕೆಲಸವನ್ನೇ. ಸರಳನ್ನು ತಿರುಚುವ ಲೆಕ್ಕದಲ್ಲಿ ದುಂಡಗಿನ ಕೊಯ್ತಕ್ಕೆ ಸರಿಹೊಂದುವ ಸೂತ್ರವನ್ನು ಚೌಕದ ಕೊಯ್ತಕ್ಕೂ ಹಚ್ಚುವ ರೂಢಿಯಿತ್ತು. ಆ ಸೂತ್ರದಂತೆ ನಡುವಿನಿಂದ ದೂರ ಹೋದಷ್ಟೂ ಪೀಡನ ಹೆಚ್ಚಬೇಕಾದ್ದರಿಂದ ಚೌಕದ ಮೂಲೆಗಳಲ್ಲಿ ಅದು ಅತಿ ಹೆಚ್ಚಿರಬೇಕಾಗುತ್ತದೆ. ಸಾಂ-ವೆನಾಂ ತಮ್ಮ 1855ರ ಪ್ರಬಂಧದಲ್ಲಿ, ದುಂಡಗಲ್ಲದ ಕೊಯ್ತಗಳು ತಿರುಚಿದಾಗ ಸಮತಟ್ಟಾಗಿ ಉಳಿಯದೆ ಸೊಟ್ಟಗಾಗುತ್ತವೆ, ಚೌಕದ ಸರಳಿನಲ್ಲಿ ಪೀಡನ ಅತಿ ಹೆಚ್ಚಿರುವುದು ಬದಿಗಳ ನಡುವಿನಲ್ಲಿ, ಮೂಲೆಗಳಲ್ಲಿ ಅದು ಸೊನ್ನೆ ಎಂದು ತೋರಿಸಿದರು. ಗುರುವಿನ ಪುಸ್ತಕವನ್ನು ತಳ್ಳಿಹಾಕದೆ, ಹಾಗೆಂದು ಪೂಜೆಗೂ ಇಡದೆ, ಅದರ ಒಂದೊಂದು ವಾಕ್ಯ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಪರೀಕ್ಷಿಸಿ ಅಡಿಟಿಪ್ಪಣಿಯಲ್ಲಿ ಬರೆದಿಡುವ ಈ ಕ್ರಮಕ್ಕೆ ಮೂಲ ಮತ್ತು ವ್ಯಾಖ್ಯಾನಗಳ ಪರಂಪರೆಯನ್ನು ಬಲ್ಲ ಕನ್ನಡದ ಓದುಗರು ಹೊಸಬರಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಶಾಸ್ತ್ರವನ್ನು ಲೋಕಕ್ಕೆಲ್ಲ ಹಂಚಿದ ಅಧ್ಯಾಪಕ ಎಂದರೆ ಸ್ಟೀಫನ್ ಟಿಮೊಶೆಂಕೊ. ಇಂದಿನ ಉಕ್ರೇನಿನ ಹಳ್ಳಿಯೊಂದರಲ್ಲಿ 1878ರಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರೈಲ್ವೆ ಎಂಜಿನಿಯರಿಂಗ್ ಓದಿ, ಕೀವ್ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, ಅಂದಿನ ಶಿಕ್ಷಣ ಮಂತ್ರಿಯ ವಿರುದ್ಧದ ಪ್ರತಿಭಟನೆಗೆ ಸಹಿ ಹಾಕಿದ್ದರಿಂದ 1911ರಲ್ಲಿ ಕೆಲಸ ಕಳೆದುಕೊಂಡರು. ಅದೇ ವರ್ಷ ಬಂದ ಝುರಾವ್‌ಸ್ಕಿ ಪ್ರಶಸ್ತಿಯ ಹಣ ಆ ಕಷ್ಟಕಾಲದಲ್ಲಿ ಕುಟುಂಬವನ್ನು ನಡೆಸಿತು. ರಷ್ಯದ ಕ್ರಾಂತಿಯ ನಂತರ ದೇಶ ಬಿಟ್ಟು 1920ರಲ್ಲಿ ಝಾಗ್ರೆಬ್ ಸೇರಿದಾಗ ಅಲ್ಲಿನ ಕ್ರೊಯೇಷಿಯನ್ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ರಷ್ಯನ್ ಭಾಷೆಯಲ್ಲೇ ಪಾಠ ಮಾಡುತ್ತ, ತಮಗೆ ಬಂದಷ್ಟು ಕ್ರೊಯೇಷಿಯನ್ ಪದಗಳನ್ನು ನಡುನಡುವೆ ಸೇರಿಸುತ್ತ ಅವರು ವಿದ್ಯಾರ್ಥಿಗಳಿಗೆ ವಿಷಯವನ್ನು ಮುಟ್ಟಿಸಿದರು. ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಪಠ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಕರ್ನಾಟಕದ ಅಸಂಖ್ಯ ಅಧ್ಯಾಪಕರಿಗೆ ಈ ಸಂಗತಿ ಹತ್ತಿರದ್ದೆನಿಸುತ್ತದೆ.

ಟಿಮೊಶೆಂಕೊ 1922ರಲ್ಲಿ ಅಮೆರಿಕಕ್ಕೆ ಹೋಗಿ ಮರುವರ್ಷ ವೆಸ್ಟಿಂಗ್‌ಹೌಸ್ ಕಂಪನಿಯನ್ನು ಸೇರಿದಾಗ, ಅಲ್ಲಿನ ತರುಣ ಎಂಜಿನಿಯರುಗಳಿಗೆ ಸ್ಥಿತಿಸ್ಥಾಪಕತ್ವದ ಸಿದ್ಧಾಂತದ ಪರಿಚಯ ಸಾಲದೆಂಬುದನ್ನು ಕಂಡು ಅವರಿಗೆ ಉಪನ್ಯಾಸಗಳನ್ನು ಆರಂಭಿಸಿದರು. ಸಹೋದ್ಯೋಗಿ ಲೆಸೆಲ್ಸ್ ಜೊತೆ 1925ರಲ್ಲಿ ಹೊರತಂದ ‘ಅಪ್ಲೈಡ್ ಎಲಾಸ್ಟಿಸಿಟಿ’ ರೂಪುಗೊಂಡದ್ದು ಆ ಪಾಠಗಳಿಂದಲೇ. ಮಿಶಿಗನ್ ವಿಶ್ವವಿದ್ಯಾಲಯಕ್ಕೆ 1927ರಲ್ಲಿ, ಸ್ಟ್ಯಾನ್‌ಫರ್ಡಿಗೆ 1936ರಲ್ಲಿ ಹೋದ ಅವರು ಕಂಪನಗಳನ್ನು ಕುರಿತು 1928ರಲ್ಲಿ, ವಸ್ತುಗಳ ದೃಢತೆಯನ್ನು ಕುರಿತು 1930ರಲ್ಲಿ, ಸ್ಥಿತಿಸ್ಥಾಪಕತ್ವದ ಸಿದ್ಧಾಂತವನ್ನು ಕುರಿತು 1934ರಲ್ಲಿ, ಬಕ್ಲಿಂಗ್ ಮೊದಲಾದ ಸ್ಥಿರತೆಯ ಪ್ರಶ್ನೆಗಳನ್ನು ಕುರಿತು 1936ರಲ್ಲಿ, ಹಲಗೆ ಮತ್ತು ಚಿಪ್ಪಿನಾಕಾರದ ರಚನೆಗಳನ್ನು ಕುರಿತು 1940ರಲ್ಲಿ ಪ್ರಕಟಿಸಿದ ಪುಸ್ತಕಗಳು ಒಂದು ಪೂರ್ಣ ಪಠ್ಯಕ್ರಮವೇ ಆದವು. ಗೆಲಿಲಿಯೊನಿಂದ ತಮ್ಮ ಕಾಲದವರೆಗಿನ ಕಥೆಯನ್ನು ಹೇಳುವ ಅವರ 1953ರ ಇತಿಹಾಸ ಗ್ರಂಥದಲ್ಲೇ ಪಾರಾಂ, ನಾವಿಯೆ, ಸಾಂ-ವೆನಾಂ ಮೊದಲಾದವರ ವೃತ್ತಾಂತಗಳು ಬಹುಪಾಲು ಎಂಜಿನಿಯರಿಂಗ್ ಓದುಗರಿಗೆ ಮೊದಲು ಪರಿಚಯವಾದದ್ದು.

ಸಂಶೋಧಕರಾಗಿಯೂ ಟಿಮೊಶೆಂಕೊ ಷರತ್ತುಗಳನ್ನು ಹಿಡಿದೇ ಮುಂದೆ ಹೋದವರು. ತೊಲೆಯ ಹಳೆಯ ಸಿದ್ಧಾಂತದಲ್ಲಿ ಕೊಯ್ತವು ಸಮತಟ್ಟಾಗಿ ಉಳಿಯುವುದಷ್ಟೇ ಅಲ್ಲದೆ ಬಾಗಿದ ಅಕ್ಷಕ್ಕೆ ಲಂಬವಾಗಿಯೂ ಉಳಿಯುತ್ತದೆ ಎಂಬ ಊಹೆಯಿದೆ. ಉದ್ದವಾದ ತೆಳು ತೊಲೆಗೆ ಇದು ಸಾಕು, ಆದರೆ ಗಿಡ್ಡನೆಯ ದಪ್ಪ ತೊಲೆಯಲ್ಲಿ ಮತ್ತು ವೇಗದ ಕಂಪನದಲ್ಲಿ ಸಾಲದು. ಶಿಯರ್‌ನಿಂದ ಆಗುವ ಜಾರಿಕೆಯನ್ನೂ ಕೊಯ್ತವು ತಿರುಗುವಾಗಿನ ಜಡತ್ವವನ್ನೂ ಸೇರಿಸಿ ಅವರು 1921ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನು ಇಂದು ಎಲ್ಲರೂ ಟಿಮೊಶೆಂಕೊ ತೊಲೆ ಎಂದೇ ಕರೆಯುತ್ತಾರೆ. ಅವರ ಪಠ್ಯಪುಸ್ತಕಗಳಲ್ಲೂ ಇದೇ ಮನೋಧರ್ಮ ಕಾಣುತ್ತದೆ: ಸಮಸ್ಯೆಯನ್ನು ಮೊದಲು ಅತಿ ಸರಳ ರೂಪದಲ್ಲಿ ಬಿಡಿಸಿ, ಆ ಸರಳತೆಗಾಗಿ ಏನನ್ನು ಬಿಟ್ಟುಕೊಟ್ಟೆವು ಎಂದು ತಿಳಿಸಿ, ಬಿಟ್ಟದ್ದನ್ನು ಸೇರಿಸಿದರೆ ಉತ್ತರ ಎಷ್ಟು ಬದಲಾಗುತ್ತದೆ ಎಂದು ಅಂಕಿಯಲ್ಲಿ ತೋರಿಸುವ ಕ್ರಮ ಅದು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1957ರಲ್ಲಿ ಅವರ ಹೆಸರಿನಲ್ಲಿ ಪದಕವೊಂದನ್ನು ಸ್ಥಾಪಿಸಿ ಮೊದಲನೆಯದನ್ನು ಅವರಿಗೇ ನೀಡಿತು. ಅವರು 1972ರಲ್ಲಿ ಜರ್ಮನಿಯಲ್ಲಿ ತೀರಿಕೊಂಡ ಹೊತ್ತಿಗೆ, ಅವರನ್ನು ಎಂದೂ ನೋಡದ ವಿದ್ಯಾರ್ಥಿಗಳು ಭಾರತದ ಕಾಲೇಜುಗಳ ಗ್ರಂಥಾಲಯಗಳಲ್ಲಿ ಅವರ ಪುಸ್ತಕಗಳ ಅಗ್ಗದ ಮುದ್ರಣಗಳನ್ನು ಓದುತ್ತಿದ್ದರು.

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆ ಸಿಕ್ಕಿದ್ದು ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಇಂದು ಯುವಿಸಿಇ ಎಂದು ಹೆಸರಾದ ಎಂಜಿನಿಯರಿಂಗ್ ಕಾಲೇಜಿನಿಂದ. ಬಳಿಕ 1946ರಲ್ಲಿ ಬೆಂಗಳೂರಿನ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ, 1960ರಲ್ಲಿ ಸುರತ್ಕಲ್ಲಿನ ಕೆಆರ್‌ಇಸಿ ಕಾಲೇಜುಗಳು ಸೇರಿಕೊಂಡವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು ಮುಂದೆ ಐಐಟಿ ಮದ್ರಾಸಿನ ನಿರ್ದೇಶಕರಾದ ಎಲ್. ಎಸ್. ಶ್ರೀನಾಥ್ ಅವರ ‘ಅಡ್ವಾನ್ಸ್ಡ್ ಮೆಕ್ಯಾನಿಕ್ಸ್ ಆಫ್ ಸಾಲಿಡ್ಸ್’ ದೇಶದಾದ್ಯಂತ ಮೇಲಿನ ತರಗತಿಗಳ ಪಠ್ಯವಾಯಿತು. ಅವರ ಸಂಶೋಧನೆಯ ಕ್ಷೇತ್ರವಾದ ಫೋಟೊಎಲಾಸ್ಟಿಸಿಟಿ ಬೋಧನೆಗೂ ಒಂದು ವರ. ಪಾರದರ್ಶಕ ಪ್ಲಾಸ್ಟಿಕ್ಕಿನ ಮಾದರಿಯನ್ನು ಧ್ರುವೀಕೃತ ಬೆಳಕಿನಲ್ಲಿಟ್ಟು ಭಾರ ಹೇರಿದಾಗ ಅದರೊಳಗೆ ಬಣ್ಣದ ಪಟ್ಟೆಗಳು ಮೂಡುತ್ತವೆ. ಪಟ್ಟೆಗಳು ಒತ್ತಾಗಿ ಕೂಡಿದ ಕಡೆ ಪೀಡನ ತೀವ್ರವಾಗಿ ಬದಲಾಗುತ್ತಿದೆ ಎಂದು ಅರ್ಥ. ಅಗಲವಾದ ಹಲಗೆಯನ್ನು ಎಳೆದಾಗ ಅದರಲ್ಲಿರುವ ಸಣ್ಣ ದುಂಡು ರಂಧ್ರದ ಅಂಚಿನಲ್ಲಿ ಪೀಡನ ದೂರದ ಪೀಡನದ ಮೂರು ಪಟ್ಟಾಗುತ್ತದೆ ಎಂದು ಜರ್ಮನಿಯ ಕಿರ್ಷ್ 1898ರಲ್ಲಿ ಗಣಿತದಿಂದ ತೋರಿಸಿದ್ದರು. ಬಲವನ್ನು ವಿಸ್ತೀರ್ಣದಿಂದ ಭಾಗಿಸುವ ಮೊದಲ ಪಾಠದ ಸೂತ್ರ ಆ ರಂಧ್ರದ ಬಳಿ ಏಕೆ ಸಲ್ಲುವುದಿಲ್ಲ ಎಂಬುದನ್ನು, ರಂಧ್ರದ ಸುತ್ತ ಮುತ್ತಿಕೊಂಡ ಪಟ್ಟೆಗಳನ್ನು ಒಮ್ಮೆ ನೋಡಿದ ವಿದ್ಯಾರ್ಥಿ ಮರೆಯುವುದಿಲ್ಲ.

ಈ ಜ್ಞಾನದ ಅಗತ್ಯ ತರಗತಿಯ ಗೋಡೆಗಳೊಳಗೆ ಮುಗಿಯುವುದಿಲ್ಲ ಎಂಬುದನ್ನು ಈ ಲೇಖಕನಿಗೆ ಮನವರಿಕೆ ಮಾಡಿದ್ದು ಮನೆ ಕಟ್ಟುವ ಜಾಗಗಳಲ್ಲಿ ಮೇಸ್ತ್ರಿಗಳೊಂದಿಗೂ ಕಂಬಿ ಕಟ್ಟುವವರೊಂದಿಗೂ ನಡೆದ ಮಾತುಕತೆಗಳು. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೆ ಬೇಗ ಬಿರಿಯುತ್ತದೆ. ಆದ್ದರಿಂದ ಎಳೆತ ಬರುವ ಕಡೆಗೆ ಉಕ್ಕಿನ ಕಂಬಿ ಬೇಕು. ಎರಡು ಗೋಡೆಗಳ ಮೇಲೆ ಕೂತ ತೊಲೆಯಲ್ಲಿ ಎಳೆತ ಬರುವುದು ನಡುವಿನ ಭಾಗದ ಕೆಳಬದಿಗೆ, ಆದರೆ ಗೋಡೆಯಿಂದ ಹೊರಚಾಚಿದ ಸಜ್ಜಾ ಮತ್ತು ಬಾಲ್ಕನಿಗಳಲ್ಲಿ ಅದು ಮೇಲ್ಬದಿಗೆ. ಕಂಬಿ ಕೆಳಗಿರಬೇಕು ಎಂಬ ನಿಯಮವನ್ನು ಅದರ ಕಾರಣವಿಲ್ಲದೆ ಕಲಿತವರು ಸಜ್ಜಾದಲ್ಲೂ ಕೆಳಗೇ ಹಾಕುವ ಸಂಭವವಿದೆ; ಸರಿಯಾಗಿ ಮೇಲೆ ಕಟ್ಟಿದ ಕಂಬಿಯೂ ಕಾಂಕ್ರೀಟು ಸುರಿಯುವಾಗ ಜನರು ಅದರ ಮೇಲೆ ಓಡಾಡಿದರೆ ಕೆಳಕ್ಕೆ ಕುಸಿದು ಸಜ್ಜಾ ಬೀಳಲು ಕಾರಣವಾಗುತ್ತದೆ. ಸೆಂಟ್ರಿಂಗ್ ಹಲಗೆಯ ಮೇಲೆ ಕೂತು, ಬಾಗಿದ ಸಜ್ಜಾದ ಚಿತ್ರವನ್ನು ಸೀಮೆಸುಣ್ಣದಲ್ಲಿ ಬರೆದು, ಯಾವ ಬದಿ ಹಿಗ್ಗುತ್ತದೆ ಎಂದು ಕೇಳಿದಾಗ ಅನುಭವಿ ಮೇಸ್ತ್ರಿಗಳು ‘ಮೇಲ್ಗಡೆ ಬಿರಿತದೆ ಸಾರ್, ಅಲ್ಲೇ 
ಕಂಬಿ ಬೇಕು’ ಎಂದು ತಾವೇ ತೀರ್ಮಾನಕ್ಕೆ ಬರುತ್ತಿದ್ದರು. ನಾವಿಯೆಯ ಸಿದ್ಧಾಂತದ ಸಾರ ಅಲ್ಲಿ ಒಂದೂ ಸಮೀಕರಣವಿಲ್ಲದೆ, ಕನ್ನಡದಲ್ಲಿ, ಅದನ್ನು ಕೈಯಾರೆ ಬಳಸುವವರನ್ನು ತಲುಪುತ್ತಿತ್ತು.

ಇತ್ತೀಚಿನ ದಶಕಗಳಲ್ಲಿ ಹಂಚಿಕೆಯ ಸಾಧನಗಳು ಹಿಂದೆಂದಿಗಿಂತ ಸಮೃದ್ಧವಾಗಿವೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಯೋಜನೆಯಿಂದ ದೂರದ ಊರಿನ ವಿದ್ಯಾರ್ಥಿಯೂ ಉತ್ತಮ ಉಪನ್ಯಾಸಗಳನ್ನು ಹಣ ಕೊಡದೆ ಕೇಳಬಹುದು. ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಕಂಪ್ಯೂಟರಿನಿಂದ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ, ಟರ್ನರ್, ಕ್ಲೌ ಮೊದಲಾದವರ 1956ರ ಪ್ರಬಂಧದ ನಂತರ ಬೆಳೆದು, ಇಂದು ಪದವಿ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇದು ನಿಜವಾದ ಲಾಭ, ಮತ್ತು ಹಿಂದಿನ ತಲೆಮಾರಿನ ಅಧ್ಯಾಪಕರು ಇದನ್ನು ಸಂತೋಷದಿಂದಲೇ ಸ್ವಾಗತಿಸಬೇಕು. ಆದರೆ ತೆರೆಯ ಮೇಲೆ ಬರುವ ಕೆಂಪು ಮತ್ತು ನೀಲಿಯ ಚಿತ್ರ, ಆಧಾರದ ಬಳಿ ಯಾವ ಊಹೆ ಮಾಡಲಾಗಿತ್ತು, ವಸ್ತು ಎಲ್ಲಿಯವರೆಗೆ ಸ್ಥಿತಿಸ್ಥಾಪಕವೆಂದು ಒಪ್ಪಲಾಗಿತ್ತು, ತುಂಡುಗಳು ಸಾಕಷ್ಟು ಚಿಕ್ಕವಾಗಿದ್ದವೇ ಎಂಬುದನ್ನು ತಾನಾಗಿ ಹೇಳುವುದಿಲ್ಲ. ಒಳಮೂಲೆಯ ಚೂಪಾದ ಬಿಂದುವಿನಲ್ಲಿ ತುಂಡುಗಳನ್ನು ಚಿಕ್ಕದಾಗಿಸಿದಷ್ಟೂ ಪೀಡನದ ಅಂಕಿ ಎಲ್ಲೂ ನಿಲ್ಲದೆ ಏರುತ್ತಲೇ ಹೋಗುತ್ತದೆ. ಆ ಏರಿಕೆ ಗಣಿತದ ಮಾದರಿಯ ಗುಣವೇ ಹೊರತು ಉಕ್ಕಿನ ಗುಣವಲ್ಲ ಎಂಬುದನ್ನು ತಿಳಿಯಲು ಸಿದ್ಧಾಂತವನ್ನು ಬಲ್ಲ ಒಬ್ಬರ ಜೊತೆ ಕುಳಿತು ಕೇಳಬೇಕಾಗುತ್ತದೆ. ಯಂತ್ರವು ಲೆಕ್ಕದ ಶ್ರಮವನ್ನು ಕಡಿಮೆ ಮಾಡಿದಷ್ಟೂ ಷರತ್ತನ್ನು ವಿಚಾರಿಸುವ ಹೊಣೆ ಮನುಷ್ಯನ ಮೇಲೆ ಹೆಚ್ಚುತ್ತದೆ.

ಹೀಗಿರುವಾಗ ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವ ಕೆಲಸ ಇನ್ನೂ ಹೆಚ್ಚು ಮಹತ್ವದ್ದಾಗಿ ತೋರುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದು, ವಿಜ್ಞಾನದ ವಿವರಣೆಗೆ ಕನ್ನಡ ಸಾಲದೆಂಬ ಸಂಕೋಚವನ್ನು ನಿವಾರಿಸಲು ತೊಡಗಿದ್ದರು. ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅವಕಾಶ ಮಾಡಿಕೊಟ್ಟಿದೆ. ಬರೆಯಬೇಕಾದ ಪುಸ್ತಕವು ಇಂಗ್ಲಿಷ್ ಪಠ್ಯದ ಸೂತ್ರಗಳನ್ನು ಸಾಲಾಗಿ ಜೋಡಿಸಿದ ಕೈಪಿಡಿಯಾದರೆ ಅದರಿಂದ ಹೆಚ್ಚಿನ ಉಪಕಾರವಿಲ್ಲ. ಪ್ರತಿ ಸೂತ್ರದ ಮೊದಲು ಅದು ಒಪ್ಪಿಕೊಂಡ ಊಹೆಗಳನ್ನೂ, ಸೂತ್ರದ ನಂತರ ಅದು ಸಲ್ಲದ ಒಂದು ಉದಾಹರಣೆಯನ್ನು ಅಂಕಿಸಹಿತವಾಗಿಯೂ ಕೊಡುವ, ಆಯ್ಲರ್‌ನ ಸೂತ್ರದ ಪಕ್ಕದಲ್ಲಿ ಗಿಡ್ಡ ಕಂಬವನ್ನೂ ತಿರುಚುವಿಕೆಯ ಸೂತ್ರದ ಪಕ್ಕದಲ್ಲಿ ಚೌಕದ ಸರಳನ್ನೂ ತೊಲೆಯ ಪಕ್ಕದಲ್ಲಿ ಸಜ್ಜಾವನ್ನೂ ಇರಿಸುವ ಪುಸ್ತಕ ಬೇಕು. ಅದಕ್ಕೆ ಬೇಕಾದ ಸಾಮಗ್ರಿ ರಾಜ್ಯದ ಕಾಲೇಜುಗಳಲ್ಲಿ ಪಾಠ ಹೇಳಿದ, ಹೇಳುತ್ತಿರುವ ಅಧ್ಯಾಪಕರ ನೋಟ್ಸುಗಳಲ್ಲೂ ಅವರು ಬಾಯ್ಮಾತಿನಲ್ಲಿ ಕೊಟ್ಟ ವಿವರಣೆಗಳಲ್ಲೂ ಹರಡಿಕೊಂಡಿದೆ. ಸರಿಯಾದ ಮಾತು ಒಬ್ಬರ ಬಳಿ ಇದ್ದರೆ ಸಾಲದು, ಬೇಕಾದವರ ಕೈಗೆ ಅದು ಸಿಗಬೇಕು ಎಂಬುದನ್ನು ಪಾರಾಂನ ಪುಸ್ತಕಕ್ಕೆ ಒದಗಿದ ಗತಿ ಕಲಿಸಿದೆ. ಪಾಠವನ್ನು ತಿದ್ದಿ ಅಚ್ಚಿಗೆ ಕೊಟ್ಟರೆ ಒಂದು ವೃತ್ತಿಯೇ ಬದಲಾಗಬಲ್ಲದು ಎಂಬುದನ್ನು ನಾವಿಯೆಯ ಪುಸ್ತಕ ತೋರಿಸಿದೆ. ನಿವೃತ್ತರಾದ ಅಧ್ಯಾಪಕರು ತಮ್ಮ ಟಿಪ್ಪಣಿಗಳನ್ನು ಬರೆದು ಕೊಡಲಿ, ಇಂದಿನ ಅಧ್ಯಾಪಕರು ಸಾಂ-ವೆನಾಂ ಮಾಡಿದಂತೆ ಅವುಗಳಿಗೆ ತಮ್ಮ ಟಿಪ್ಪಣಿಗಳನ್ನು ಸೇರಿಸಲಿ, ಮೂಲ ಬರಹ ಹತ್ತನೆಯ ಒಂದು ಪಾಲಾಗುವಷ್ಟು ಅದು ಬೆಳೆಯಲಿ; ಬರೆದವರಿಗೆ ಅದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲ.